ಮೊದಲ ಮ್ಯಾರಥಾನ್: ಗೆಳೆಯರು ಎಲ್ಲಿ ನಿಂತರೆ ನಿಜವಾಗಿ ಉಪಯೋಗ?

ಹೊಸಹೆಜ್ಜೆ (ಓಟಕ್ಕೆ 9 ವಾರ)

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ. ಇನ್ನು ಒಂಬತ್ತು ವಾರಕ್ಕೆ ನನ್ನ ಮೊದಲ ಮ್ಯಾರಥಾನ್. ಹಾಫ್ ಮ್ಯಾರಥಾನ್ ಎರಡು ಸಲ ಓಡಿದ್ದೇನೆ. ಇದುವರೆಗೆ ಓಡಿದ ಅತಿ ಉದ್ದದ ದೂರ 24 ಕಿ.ಮೀ. ಮ್ಯಾರಥಾನ್‌ನ 42.195 ಕಿ.ಮೀ. ಅನ್ನೋ ಸಂಖ್ಯೆ ನೋಡಿದರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ತರಬೇತಿಗೆ 18 ವಾರದ ಪ್ಲ್ಯಾನ್ ಇದೆ, ಅದರ ಬಗ್ಗೆ ಕೇಳ್ತಿಲ್ಲ. ನನ್ನ ಪ್ರಶ್ನೆ ಗೆಳೆಯರ ಬಗ್ಗೆ. ಮೂರು ಜನ ಇದ್ದಾರೆ. ಒಬ್ಬಳು ಭಾನುವಾರ ನನ್ನ ಜೊತೆ ಓಡುತ್ತಾಳೆ, 15 ಕಿ.ಮೀ. ಆದ ಮೇಲೆ ನಿಲ್ಲಿಸುತ್ತಾಳೆ. ಇನ್ನೊಬ್ಬಳು ಓಡುವುದಿಲ್ಲ. ಸೈಕಲ್ ಮೇಲೆ ನೀರಿನ ಬಾಟಲಿ ಇಟ್ಟುಕೊಂಡು ಪಕ್ಕದಲ್ಲೇ ಬರುತ್ತಾಳೆ. ಮೂರನೆಯವನು ಆಫೀಸಿನ ಗೆಳೆಯ. ಓಟಕ್ಕೂ ಅವನಿಗೂ ಸಂಬಂಧವೇ ಇಲ್ಲ. ಆದರೆ "ಆ ದಿನ ನಾನು ಬಂದೇ ಬರ್ತೀನಿ, ಎಲ್ಲಿ ನಿಲ್ಲಬೇಕು ಹೇಳು ಸಾಕು" ಅಂದಿದ್ದಾನೆ.

ಮೂವರಿಗೂ ಏನಾದರೂ ಮಾಡಬೇಕು ಅಂತ ಆಸೆ. ಏನು ಮಾಡಿ ಅಂತ ಕೇಳಬೇಕೋ ನನಗೇ ಗೊತ್ತಾಗುತ್ತಿಲ್ಲ. ಜೊತೆಗೆ ಓಡುವವಳು "30ರಿಂದ ಕೊನೆಯವರೆಗೆ ನಾನೂ ಓಡ್ತೀನಿ" ಅಂತಿದ್ದಾಳೆ. ಹಾಗೆ ಮಾಡಬಹುದಾ? ಅವರ ಕೈಯಿಂದ ನೀರು, ಶಕ್ತಿಗೆ ತಿನ್ನುವ ಸಿಹಿ ಜೆಲ್ ತಗೊಳ್ಳಬಹುದಾ? ಎಷ್ಟನೇ ಕಿಲೋಮೀಟರ್‌ನಲ್ಲಿ ಯಾರು ಇದ್ದರೆ ಒಳ್ಳೆಯದು?

ಮನಸ್ಸಿನಲ್ಲಿರುವ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಇಷ್ಟು ದಿನ ಅವರ ಎಷ್ಟೋ ಭಾನುವಾರಗಳು ನನಗೋಸ್ಕರ ಹೋಗಿವೆ. ಅದು ಒಂದು ಭಾರದ ಹಾಗೆ ಕೂತಿದೆ.

ಮೈಲಿಗಲ್ಲು

ಹೊಸಹೆಜ್ಜೆ ಅವರೇ, ಶುಭವಾಗಲಿ. ಹನ್ನೊಂದು ಮ್ಯಾರಥಾನ್ ಓಡಿದ್ದೇನೆ, ನಾಲ್ಕು ಸಲ ಬೇರೆಯವರಿಗಾಗಿ ರಸ್ತೆ ಬದಿಯಲ್ಲಿ ನಿಂತಿದ್ದೇನೆ. ಎರಡೂ ಕಡೆಯ ಅನುಭವದಿಂದ ಹೇಳುತ್ತೇನೆ.

ಮೊದಲು ಆ 30 ಕಿ.ಮೀ. ವಿಷಯ. ಬಿಬ್, ಅಂದರೆ ಹೆಸರು ಕೊಟ್ಟವರು ಎದೆಗೆ ಹಾಕಿಕೊಳ್ಳುವ ನಂಬರ್ ಚೀಟಿ, ಇಲ್ಲದವರು ರಸ್ತೆಗೆ ಇಳಿಯಬಾರದು. ಅಂತರರಾಷ್ಟ್ರೀಯ ನಿಯಮದ ಪ್ರಕಾರ, ಓಟದಲ್ಲಿ ಭಾಗವಹಿಸದವರು ಜೊತೆಗೆ ಓಡಿ ವೇಗ ಹಿಡಿದುಕೊಟ್ಟರೆ ಅದು ನಿಷಿದ್ಧ ಸಹಾಯ. ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದರಲ್ಲ, ಅದು ವಿಶ್ವ ದಾಖಲೆ ಆಗಲಿಲ್ಲ. ವೇಗ ಹಿಡಿದುಕೊಡುವ 41 ಪೇಸರ್‌ಗಳು ಸರದಿಯ ಮೇಲೆ ಬಂದು ಹೋದರು, ಸೈಕಲ್ ಮೇಲಿನಿಂದ ನೀರು ಕೊಟ್ಟರು, ಅದು ಎಲ್ಲರಿಗೂ ತೆರೆದ ಸ್ಪರ್ಧೆಯೂ ಆಗಿರಲಿಲ್ಲ.

ನಮ್ಮಂಥವರಿಗೆ ದಾಖಲೆಯ ಮಾತು ಬೇಡ, ಸರಿ. ಆದರೆ ನೀರು, ಜಾಗ, ವೈದ್ಯಕೀಯ ವ್ಯವಸ್ಥೆ ಎಲ್ಲವನ್ನೂ ಹೆಸರು ಕೊಟ್ಟವರ ಲೆಕ್ಕಕ್ಕೆ ಮಾಡಿರುತ್ತಾರೆ. 30ನೇ ಕಿಲೋಮೀಟರ್‌ನಲ್ಲಿ ಹೊಸ ಕಾಲಿನವರು ಒಬ್ಬೊಬ್ಬರೇ ಸೇರಿಕೊಂಡರೆ ಸುಸ್ತಾದವರಿಗೆ ದಾರಿ ಇಕ್ಕಟ್ಟಾಗುತ್ತದೆ. ನಿಮ್ಮ ಗೆಳತಿಗೆ ಪ್ರೀತಿಯಿಂದಲೇ ಹೇಳಿ, ಅವರ ಓಟ ಭಾನುವಾರದ ತರಬೇತಿಗೆ ಇರಲಿ.

ಜೆಲ್, ನೀರು ಕೈಯಿಂದ ತಗೊಳ್ಳುವ ವಿಷಯ ಓಟದಿಂದ ಓಟಕ್ಕೆ ಬೇರೆ. ನಿಮ್ಮ ಓಟದ ನಿಯಮ ಪುಸ್ತಿಕೆ ಓದಿ, ಸಂಘಟಕರಿಗೆ ಒಂದು ಮೇಲ್ ಹಾಕಿ ಕೇಳಿಬಿಡಿ. ಊಹೆ ಮಾಡಬೇಡಿ.

ಇನ್ನು ಎಲ್ಲಿ ನಿಲ್ಲಬೇಕು ಅನ್ನೋದು. ಹೆಚ್ಚಿನವರು ಸ್ಟಾರ್ಟ್‌ನಲ್ಲಿ ಕೈ ಬೀಸಿ, 10ರಲ್ಲಿ ಕೂಗಿ, ನೇರ ಫಿನಿಶ್‌ಗೆ ಹೋಗಿ ಕಾಯುತ್ತಾರೆ. ಮೊದಲ ಎರಡು ಜಾಗದಲ್ಲಿ ನಿಮಗೆ ಯಾರೂ ಬೇಕಾಗಿರುವುದಿಲ್ಲ. 10ರಲ್ಲಿ ನೀವು ಹೇಗೂ ಚೆನ್ನಾಗಿರುತ್ತೀರಿ. ಯಾರಾದರೂ ಕೂಗಿದರೆ ವೇಗ ಇನ್ನೂ ಹೆಚ್ಚಿ ಕೆಡುಕೇ ಆಗುತ್ತದೆ. ಇರುವ ಮೂರು ಜನರನ್ನು 24ರ ನಂತರ ಹಂಚಿಬಿಡಿ.

ಬೆಳಗಿನಜಾವ

ಮೈಲಿಗಲ್ಲು ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನನ್ನ ಮೊದಲ ಮ್ಯಾರಥಾನ್ ಮುಗಿಯಲಿಲ್ಲ. ಅದನ್ನೇ ಹೇಳ್ತೀನಿ, ಉಪಯೋಗಕ್ಕೆ ಬರಬಹುದು.

ಎಂಟು ಜನ ಬಂದಿದ್ದರು. ಎಂಟೂ ಜನ ಒಂದೇ ಕಡೆ, 21ರ ಹತ್ತಿರ. ಬೋರ್ಡ್ ಹಿಡಿದಿದ್ದರು, ತಮಟೆ ಬಡಿಯುತ್ತಿದ್ದರು. ಮುಂದಿನ ಎರಡು ಕಿಲೋಮೀಟರ್ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಅಷ್ಟು ಜೋರಾಗಿ ಓಡಿಬಿಟ್ಟೆ. ಆಮೇಲೆ ಅವರೆಲ್ಲ ಒಟ್ಟಿಗೆ ಫಿನಿಶ್‌ಗೆ ಹೊರಟರು. 23ರಿಂದ ಮುಂದೆ ನನ್ನವರು ಅಂತ ಒಬ್ಬರೂ ಕಾಣಲಿಲ್ಲ. 28ರಲ್ಲಿ ಯಾರೋ ಅಪರಿಚಿತರು "ಇನ್ನೇನು ಬಂದೇ ಬಿಡ್ತು!" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಬಂದಿರಲಿಲ್ಲ. ಇನ್ನೂ 14 ಕಿಲೋಮೀಟರ್ ಇತ್ತು. ಆ ಮಾತು ಕೇಳಿದ್ದೇ ನನ್ನೊಳಗೆ ಏನೋ ಕುಸಿದ ಹಾಗಾಯಿತು. 33ರಲ್ಲಿ ಫುಟ್‌ಪಾತ್ ಮೇಲೆ ಕೂತೆ. ಫೋನ್ ಮಾಡಿದರೆ ಜನ ಜಾಸ್ತಿ ಇದ್ದು ನೆಟ್‌ವರ್ಕ್ ಇಲ್ಲ. ಅವರಿಗೆ ನಾನು ಎಲ್ಲಿದ್ದೀನಿ ಗೊತ್ತಿಲ್ಲ, ನನಗೆ ಅವರು ಎಲ್ಲಿದ್ದಾರೆ ಗೊತ್ತಿಲ್ಲ.

ಅವರ ಪ್ರೀತಿ ಕಡಿಮೆ ಇರಲಿಲ್ಲ. ಎಂಟು ಜನರಲ್ಲಿ ಒಬ್ಬರು 33ರಲ್ಲಿ ನಿಂತಿದ್ದರೂ ನಾನು ಎದ್ದು ನಡೆಯುತ್ತಿದ್ದೆ ಅಂತ ಇವತ್ತಿಗೂ ಅನಿಸುತ್ತದೆ.

ಅಕ್ಕ, ಫೋನ್ ನಂಬಬೇಡಿ. ಕಾಗದದ ಮೇಲೆ ಬರೆದು ಕೊಡಿ. ಯಾರು, ಎಷ್ಟನೇ ಕಿ.ಮೀ., ರಸ್ತೆಯ ಯಾವ ಬದಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ. "ಅಲ್ಲೆಲ್ಲೋ ಇರ್ತೀವಿ" ಅಂದರೆ ಇಲ್ಲದ ಹಾಗೆಯೇ.

ನಾಡಿಮಿಡಿತ

ನಾನು ಫಿಸಿಯೋಥೆರಪಿಸ್ಟ್. ಓಟದ ದಿನ ವೈದ್ಯಕೀಯ ಟೆಂಟ್‌ಗಳಲ್ಲಿ ಕೆಲಸ ಮಾಡಿದ್ದೇನೆ. ಗೆಳೆಯರು ತಿಳಿದಿರಬೇಕಾದ ಒಂದೆರಡು ವಿಷಯ ಹೇಳಬೇಕು.

30ರ ಸುಮಾರಿಗೆ ಕಾಲು ಕಲ್ಲಾಗುವುದಕ್ಕೆ ಕಾರಣ ಇದೆ. ನಮ್ಮ ಸ್ನಾಯು ಮತ್ತು ಲಿವರ್‌ನಲ್ಲಿ ಗ್ಲೈಕೋಜೆನ್ ರೂಪದಲ್ಲಿ ಸಕ್ಕರೆ ಸಂಗ್ರಹ ಇರುತ್ತದೆ. ಸುಮಾರು 400ರಿಂದ 500 ಗ್ರಾಂ, ಅಂದರೆ 2000 ಕ್ಯಾಲರಿಯ ಆಸುಪಾಸು. ಓಡುವಾಗ ಒಂದು ಕಿಲೋಮೀಟರ್‌ಗೆ ದೇಹದ ತೂಕದ ಪ್ರತಿ ಕೆ.ಜಿ.ಗೆ ಸುಮಾರು 1 ಕ್ಯಾಲರಿ ಖರ್ಚು. 60 ಕೆ.ಜಿ. ಇರುವವರಿಗೆ ಇಡೀ ಮ್ಯಾರಥಾನ್‌ಗೆ 2500 ಬೇಕು. ಕೊಬ್ಬಿನಿಂದಲೂ ಶಕ್ತಿ ಬರುತ್ತದೆ, ಆದರೆ ನಿಧಾನವಾಗಿ. ವೇಗ ಹೆಚ್ಚಾದಷ್ಟೂ ಸಕ್ಕರೆಯ ಮೇಲೆ ಹೊರೆ ಜಾಸ್ತಿ. ಅದು ಬರಿದಾದರೆ ಗೋಡೆಗೆ ಹೋಗಿ ಬಡಿದ ಹಾಗೆ. ಅದಕ್ಕೇ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ತಗೊಳ್ಳಿ ಅನ್ನೋದು. ಒಂದು ಜೆಲ್‌ನಲ್ಲಿ ಸಾಮಾನ್ಯವಾಗಿ 20ರಿಂದ 25 ಗ್ರಾಂ ಇರುತ್ತದೆ. ಹಸಿವಾದ ಮೇಲೆ ತಿಂದರೆ ತಡವಾಯಿತು. ಮೊದಲ ಗಂಟೆಯೊಳಗೇ ಶುರು ಮಾಡಬೇಕು. ತರಬೇತಿಯಲ್ಲಿ ತಿಂದು ನೋಡದ ಯಾವುದನ್ನೂ ಆ ದಿನ ಬಾಯಿಗೆ ಹಾಕಬೇಡಿ.

ಈಗ ಗೆಳೆಯರಿಗೆ. ಸಿಕ್ಕಲ್ಲೆಲ್ಲ "ನೀರು ಕುಡಿ, ನೀರು ಕುಡಿ" ಅಂತ ಒತ್ತಾಯ ಮಾಡಬೇಡಿ. ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಇದಕ್ಕೆ ಹೈಪೋನೇಟ್ರೀಮಿಯಾ ಅಂತಾರೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ 13% ಜನರಲ್ಲಿ ಇದು ಕಂಡುಬಂತು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡಿದವರಲ್ಲಿ, ಓಡುವಾಗ ತೂಕ ಹೆಚ್ಚಿದವರಲ್ಲಿ ಅಪಾಯ ಜಾಸ್ತಿ. ಬಾಯಾರಿಕೆಯ ಲೆಕ್ಕಕ್ಕೆ ಕುಡಿದರೆ ಸಾಕು.

ಗೆಳೆಯರು ನೋಡಬೇಕಾದದ್ದು ಮುಖ. ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬಂದರೆ, ನೇರವಾಗಿ ನಡೆಯಲು ಆಗದಿದ್ದರೆ, ವಾಂತಿ ಜೊತೆ ತಲೆನೋವು ಇದ್ದರೆ, ಸುಡುವ ಬಿಸಿಲಿನಲ್ಲಿ ನಡುಗುತ್ತಿದ್ದರೆ, ಹುರಿದುಂಬಿಸುವುದನ್ನು ಬಿಟ್ಟು ವೈದ್ಯಕೀಯ ಸಿಬ್ಬಂದಿಯನ್ನು ಕರೆಯಿರಿ. ಎದೆ ನೋವು ಅಂದರೆ ಅಲ್ಲಿಗೇ ನಿಲ್ಲಿಸಿ.

ನೋವಿನ ಮಾತ್ರೆಯನ್ನೂ ಮೊದಲೇ ನುಂಗಬೇಡಿ. ಐಬುಪ್ರೊಫೆನ್ ತರಹದ್ದು ದೂರದ ಓಟದಲ್ಲಿ ಕಿಡ್ನಿಗೆ ಹೊರೆ. ಗೆಳೆಯರ ಬ್ಯಾಗಿನಲ್ಲಿ ಅದು ಇರುವುದೇ ಬೇಡ.

ಹೊಸಹೆಜ್ಜೆ (ಓಟಕ್ಕೆ 8 ವಾರ)

ಇಷ್ಟೊಂದು ಬರೆದಿರಿ, ಎಲ್ಲರಿಗೂ ಧನ್ಯವಾದ. ಗೆಳತಿಗೆ ಹೇಳಿದೆ. ಸ್ವಲ್ಪ ಬೇಜಾರಾಯಿತು, ಆಮೇಲೆ ಒಪ್ಪಿದಳು. ಸಂಘಟಕರಿಗೂ ಬರೆದೆ. ಪ್ರೇಕ್ಷಕರ ಕೈಯಿಂದ ಜೆಲ್ ತಗೊಳ್ಳಬಹುದು, ಬ್ಯಾರಿಕೇಡ್ ದಾಟಿ ಒಳಗೆ ಬರುವ ಹಾಗಿಲ್ಲ ಅಂತ ಉತ್ತರ ಬಂತು.

ಆದರೆ ಈ ಭಾನುವಾರ ಒಳ್ಳೆಯದಾಗಲಿಲ್ಲ. 28 ಓಡಬೇಕಿತ್ತು, 22ಕ್ಕೆ ನಿಂತುಬಿಟ್ಟೆ. ಉಸಿರು ಸರಿ ಇತ್ತು. ತೊಡೆ ಕೇಳಲಿಲ್ಲ. ಸೈಕಲ್ ಗೆಳತಿ ಏನೂ ಮಾತಾಡದೆ ಸೈಕಲ್ ತಳ್ಳಿಕೊಂಡು ಮನೆವರೆಗೂ ಪಕ್ಕದಲ್ಲಿ ನಡೆದಳು. 28 ಆಗದವಳಿಗೆ 42 ಹೇಗೆ ಆಗುತ್ತದೆ?

ಕಾಲ್ನಡಿಗೆ

ಮೇಡಂ, ಒಂದು ಭಾನುವಾರ ಕೆಟ್ಟರೆ ಮ್ಯಾರಥಾನ್ ಕೆಡುವುದಿಲ್ಲ. ತರಬೇತಿಯಲ್ಲಿ 42 ಓಡುವುದೂ ಬೇಕಿಲ್ಲ. ಮೊದಲ ಸಲದವರ ಪ್ಲ್ಯಾನ್‌ಗಳಲ್ಲಿ ಅತಿ ಉದ್ದದ ಓಟ 30, 32ಕ್ಕೆ ನಿಲ್ಲುತ್ತದೆ. ಆಮೇಲೆ ಎರಡು ಮೂರು ವಾರ ದೂರ ಇಳಿಸುತ್ತಾ ಹೋಗುವುದು. ಅದನ್ನು ಟೇಪರ್ ಅಂತೀವಿ.

ಒಂದು ಪ್ರಶ್ನೆ. ಆ ದಿನ ಎಷ್ಟು ವೇಗದಲ್ಲಿ ಶುರು ಮಾಡಿದಿರಿ? ಜೊತೆಗೆ ಓಡುವ ಗೆಳತಿ 15ಕ್ಕೆ ನಿಲ್ಲಿಸುತ್ತಾರೆ ಅಂದಿರಿ. 15 ಓಡುವವರ ವೇಗ ಬೇರೆ, 28 ಓಡುವವರ ವೇಗ ಬೇರೆ. ನೀವು ಅವರ ವೇಗದಲ್ಲಿ ಓಡಿರಬಹುದು ಅಂತ ನನ್ನ ಅನುಮಾನ. ಮುಂದಿನ ಭಾನುವಾರ ಇಬ್ಬರೂ ಮಾತಾಡಿಕೊಂಡು ಓಡಿ. ಪೂರ್ತಿ ವಾಕ್ಯ ಬಾಯಿಂದ ಬರಬೇಕು. ಎರಡು ಪದಕ್ಕೊಂದು ಉಸಿರು ಬಂದರೆ ವೇಗ ಜಾಸ್ತಿ ಆಯಿತು ಅಂತ ಅರ್ಥ. ಕೈಗಡಿಯಾರಕ್ಕಿಂತ ಪಕ್ಕದಲ್ಲಿ ಮಾತಾಡುವ ಗೆಳತಿ ಒಳ್ಳೆಯ ಅಳತೆಗೋಲು.

ಇನ್ನೊಂದು, ನಡೆಯೋಕೆ ನಾಚಿಕೆ ಬೇಡ. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಜೆಫ್ ಗ್ಯಾಲೊವೆ ಅವರೇ ಓಟ-ನಡಿಗೆ ಪದ್ಧತಿಯನ್ನು ಜನಪ್ರಿಯ ಮಾಡಿದ್ದು. ಸುಸ್ತಾದ ಮೇಲೆ ನಡೆಯುವುದು ಬೇರೆ, ಮೊದಲ ಕಿಲೋಮೀಟರ್‌ನಿಂದಲೇ ಲೆಕ್ಕ ಇಟ್ಟು ನಡೆಯುವುದು ಬೇರೆ. ನಾನು ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ ಮಾಡುತ್ತೇನೆ. ಮೂರು ಮ್ಯಾರಥಾನ್ ಹಾಗೇ ಮುಗಿಸಿದ್ದೇನೆ.

ಗಡಿಯಾರ

ನಾನು ಪೇಸರ್ ಆಗಿ ಬಾವುಟ ಹಿಡಿದು ಓಡುತ್ತೇನೆ. ಕಾಲ್ನಡಿಗೆ ಅವರ ಮಾತಿಗೆ ಸ್ವಲ್ಪ ಸೇರಿಸಬೇಕು. ಮಾತಾಡಿಕೊಂಡು ಓಡುವುದು ತರಬೇತಿಗೆ ಬಹಳ ಒಳ್ಳೆಯದು. ಆದರೆ ಓಟದ ದಿನ ಗೆಳೆಯರಿಬ್ಬರೂ ಬಿಬ್ ಹಾಕಿಕೊಂಡು ಜೊತೆಗೆ ಓಡುವುದಾದರೆ ಹಿಂದಿನ ದಿನವೇ ಒಂದು ಮಾತು ಆಗಿರಬೇಕು. ಒಬ್ಬರಿಗೆ ಆಗದಿದ್ದರೆ ಇನ್ನೊಬ್ಬರು ನಿಲ್ಲಬೇಕಾ, ಹೋಗಬೇಕಾ? 33ರಲ್ಲಿ ಈ ಚರ್ಚೆ ಶುರುವಾದರೆ ಇಬ್ಬರ ಓಟವೂ ಹಾಳು, ಗೆಳೆತನಕ್ಕೂ ಗಾಯ. ನನ್ನ ಕಣ್ಣೆದುರೇ ಎರಡು ಸಲ ಆಗಿದೆ.

ಹೊಸಹೆಜ್ಜೆ ಅವರಿಗೆ ಇದು ಅನ್ವಯಿಸುವುದಿಲ್ಲ, ಒಬ್ಬರೇ ಓಡುತ್ತಿದ್ದೀರಿ. ಒಂಟಿಯಾಗಿರಬೇಡಿ ಅಷ್ಟೇ. ನಿಮ್ಮ ವೇಗದ ಪೇಸರ್ ಗುಂಪು ಹುಡುಕಿ. ಬಾವುಟದ ಮೇಲೆ ಮುಗಿಸುವ ಸಮಯ ಬರೆದಿರುತ್ತದೆ. 5 ಗಂಟೆ 15 ನಿಮಿಷದ ಗುರಿ ಅಂದರೆ ಕಿಲೋಮೀಟರ್‌ಗೆ 7 ನಿಮಿಷ 28 ಸೆಕೆಂಡ್. ಮೊದಲ ಐದು ಕಿಲೋಮೀಟರ್ ಅದಕ್ಕಿಂತ ನಿಧಾನ ಇದ್ದರೂ ಚಿಂತೆ ಇಲ್ಲ. ಸಮಯವನ್ನು ಮೊದಲೇ ಕೂಡಿಟ್ಟುಕೊಳ್ಳೋಣ ಅಂತ ಓಡಿದವರನ್ನೇ ನಾನು 32ರಲ್ಲಿ ದಾಟಿಕೊಂಡು ಹೋಗುವುದು.

ಗೆಳೆಯರಿಗೆ ಸಮಯ ಲೆಕ್ಕ ಹಾಕುವಾಗ ಒಂದು ಎಚ್ಚರ. ಚಿಪ್ ಅಳೆಯುವ ನಿಮ್ಮ ಓಟದ ಸಮಯ ಶುರುವಾಗುವುದು ನೀವು ಸ್ಟಾರ್ಟ್ ಗೆರೆ ದಾಟಿದಾಗ. ದೊಡ್ಡ ಓಟದಲ್ಲಿ ಗುಂಡು ಹಾರಿದ ಮೇಲೆ ಗೆರೆಗೆ ಬರೋಕೇ ಹತ್ತು ಹದಿನೈದು ನಿಮಿಷ ಹೋಗುತ್ತದೆ. ಅದನ್ನು ಸೇರಿಸದಿದ್ದರೆ ನಿಮ್ಮವರು "ಇನ್ನೂ ಬರಲಿಲ್ಲವಲ್ಲ" ಅಂತ ಗಾಬರಿಯಾಗಿ ಜಾಗ ಬಿಟ್ಟು ಹುಡುಕಲು ಹೊರಡುತ್ತಾರೆ.

ಬೆಳಗಿನಜಾವ

ಗೆಳೆತನ, ಸಹಾಯ ಅಂದಾಗ ನನಗೆ ಎರಡು ಹಳೆಯ ಓಟಗಳು ನೆನಪಾಗುತ್ತವೆ. 1908ರ ಲಂಡನ್ ಒಲಿಂಪಿಕ್ಸ್. ಇವತ್ತಿನ 42.195 ಕಿ.ಮೀ. ದೂರ ಬಂದಿದ್ದೇ ಆ ಓಟದಿಂದ. ಇಟಲಿಯ ಡೊರಾಂಡೊ ಪಿಯೆಟ್ರಿ ಎಲ್ಲರಿಗಿಂತ ಮೊದಲು ಸ್ಟೇಡಿಯಂ ಒಳಗೆ ಬಂದರು, ಮತ್ತೆ ಮತ್ತೆ ಬಿದ್ದರು. ಅಲ್ಲಿದ್ದ ಅಧಿಕಾರಿಗಳಿಗೆ ನೋಡುತ್ತಾ ನಿಲ್ಲೋಕೆ ಆಗಲಿಲ್ಲ. ಎಬ್ಬಿಸಿದರು, ಹಿಡಿದು ಗೆರೆ ದಾಟಿಸಿದರು. ಆ ಸಹಾಯಕ್ಕೇ ಅವರ ಪದಕ ಹೋಯಿತು.

ಇನ್ನೊಂದು 1967ರ ಬಾಸ್ಟನ್. ಹೆಂಗಸರಿಗೆ ಅಲ್ಲಿ ಆಗ ಅವಕಾಶ ಇರಲಿಲ್ಲ. ಕ್ಯಾಥರೀನ್ ಸ್ವಿಟ್ಜರ್ 261ನೇ ಬಿಬ್ ಹಾಕಿಕೊಂಡು ಓಡುತ್ತಿದ್ದರು. ಓಟದ ಅಧಿಕಾರಿಯೊಬ್ಬರು ಓಡಿಬಂದು ಬಿಬ್ ಕೀಳಲು ನೋಡಿದಾಗ ಪಕ್ಕದಲ್ಲೇ ಓಡುತ್ತಿದ್ದ ಆಕೆಯ ಗೆಳೆಯ ಆ ಅಧಿಕಾರಿಯನ್ನು ತಳ್ಳಿದ. ಆಕೆಯ ಕೋಚ್ ಕೂಡ ಜೊತೆಗೆ ಓಡುತ್ತಿದ್ದರು. ಸ್ವಿಟ್ಜರ್ ಓಟ ಮುಗಿಸಿದರು. 1972ರಲ್ಲಿ ಬಾಸ್ಟನ್ ಹೆಂಗಸರಿಗೆ ಅಧಿಕೃತವಾಗಿ ತೆರೆಯಿತು.

ಆ ಗೆಳೆಯ ಆಕೆಯನ್ನು ಎತ್ತಿಕೊಂಡು ಹೋಗಲಿಲ್ಲ, ದಾರಿ ಬಿಡಿಸಿಕೊಟ್ಟ. 42ನ್ನೂ ಓಡಿದ್ದು ಆಕೆಯೇ. ನನ್ನ ಎರಡನೇ ಮ್ಯಾರಥಾನ್‌ಗೆ ಯಾರಿಂದ ಏನು ಕೇಳಬೇಕು ಅಂತ ಯೋಚಿಸುವಾಗ ಈ ವ್ಯತ್ಯಾಸ ಬಹಳ ಕೆಲಸಕ್ಕೆ ಬಂತು. ಅದನ್ನು ಮುಗಿಸಿದೆ, ಹೇಳೋದು ಮರೆತಿದ್ದೆ.

ಸೈಕಲ್‌ಗೆಳತಿ (ಓಟಕ್ಕೆ 4 ವಾರ)

ನಾನೇ ಆ ಸೈಕಲ್ ಮೇಲಿನವಳು. ಇವಳು ಇಲ್ಲಿ ಬರೆದದ್ದನ್ನು ನನಗೆ ತೋರಿಸಿದಳು. "ಭಾರ" ಅನ್ನೋ ಪದ ಓದಿ ಎರಡು ದಿನ ಸುಮ್ನಿದ್ದೆ. ಈಗ ಬರೆಯುತ್ತಿದ್ದೇನೆ.

ಕಳೆದ ವರ್ಷ ನನ್ನ ಕೆಲಸ ಹೋಗಿತ್ತು. ಆರು ತಿಂಗಳು ಮನೆಯಲ್ಲೇ ಇದ್ದೆ. ಬೆಳಿಗ್ಗೆ ಹತ್ತಾದರೂ ಹಾಸಿಗೆಯಿಂದ ಏಳುತ್ತಿರಲಿಲ್ಲ. ಇವಳು ಒಂದು ದಿನ "ಭಾನುವಾರ ನೀರು ಹಿಡ್ಕೊಂಡು ಬರ್ತೀಯಾ, ಒಬ್ಬಳಿಗೇ ಭಯ ಆಗುತ್ತೆ" ಅಂದಳು. ಐದು ಗಂಟೆಗೆ ಅಲಾರಂ ಇಟ್ಟೆ. ಆರು ತಿಂಗಳಲ್ಲಿ ಮೊದಲ ಸಲ ನಾನು ಎದ್ದು ಹೊರಡದಿದ್ದರೆ ಇನ್ನೊಬ್ಬರಿಗೆ ತೊಂದರೆ ಆಗುತ್ತಿತ್ತು. ನನಗೆ ಅದೇ ಬೇಕಿತ್ತು. ಆ ಭಾನುವಾರಗಳನ್ನು ನಾನು ಯಾರಿಗೂ ಕೊಟ್ಟಿಲ್ಲ, ಅವು ನನಗೆ ಸಿಕ್ಕವು.

ಸಹಾಯಕ್ಕೆ ನಿಲ್ಲುವವರಿಗೆ ನಾನು ಕಲಿತ ಒಂದೆರಡು ಮಾತು. ಮೊದಮೊದಲು ನಾನು ಮುಂದೆ ಹೋಗುತ್ತಿದ್ದೆ. ಸೈಕಲ್ ಎಷ್ಟು ನಿಧಾನ ಹೊಡೆದರೂ ಓಡುವವರಿಗಿಂತ ಮುಂದೆಯೇ. ಅವಳು ನನ್ನ ಹಿಂದೆ ಓಡಿ ಓಡಿ ಸುಸ್ತಾಗುತ್ತಿದ್ದಳು ಅಂತ ನನಗೆ ಗೊತ್ತೇ ಆಗಲಿಲ್ಲ. ಈಗ ಅರ್ಧ ಚಕ್ರ ಹಿಂದೆ ಇರುತ್ತೇನೆ. 20 ಆದ ಮೇಲೆ ಪ್ರಶ್ನೆ ಕೇಳುವುದಿಲ್ಲ. "ಹೇಗಿದೆ?" ಅಂದರೆ ಅವಳು ತನ್ನ ಮೈಯಲ್ಲಿ ಎಲ್ಲೆಲ್ಲಿ ನೋವಿದೆ ಅಂತ ಹುಡುಕಲು ಶುರು ಮಾಡುತ್ತಾಳೆ. ಅದರ ಬದಲು "ಮುಂದಿನ ತಿರುವಿನಲ್ಲಿ ಜೆಲ್" ಅಂತ ಹೇಳುತ್ತೇನೆ. ಉತ್ತರ ಬೇಡದ ಮಾತು.

ಮೊನ್ನೆ 31 ಆಯಿತು. ಕಾಲ್ನಡಿಗೆ ಅವರು ಹೇಳಿದ್ದು ಸರಿ ಇತ್ತು, ಅವತ್ತು 22ಕ್ಕೆ ನಿಂತಿದ್ದು ವೇಗದಿಂದಲೇ. ಇವಳು ಬರೆಯುವುದಿಲ್ಲ, ನಾನೇ ಬರೆದೆ.

ನಾಡಿಮಿಡಿತ

ಓದಿ ಖುಷಿಯಾಯಿತು. ಗೆಳೆಯರ ಬ್ಯಾಗಿನಲ್ಲಿ ಏನಿರಬೇಕು ಅಂತ ಯಾರೋ ಮೆಸೇಜ್‌ನಲ್ಲಿ ಕೇಳಿದ್ದರು. ಜಾಸ್ತಿ ಏನೂ ಬೇಡ. ವ್ಯಾಸಲೀನ್, ಒಂದು ಜೊತೆ ಒಣ ಸಾಕ್ಸ್, ಅಭ್ಯಾಸವಿರುವ ಜೆಲ್, ಬ್ಯಾಂಡೇಜ್, ಸಣ್ಣ ಟವೆಲ್. ಫಿನಿಶ್‌ನಲ್ಲಿ ಬೆಚ್ಚಗಿನ ಒಣ ಬಟ್ಟೆ ಮತ್ತು ಸಡಿಲ ಚಪ್ಪಲಿ. ಗೆರೆ ದಾಟಿದ ಕೂಡಲೇ ಕೂರಿಸಬೇಡಿ. ಕಾಲಿನ ಸ್ನಾಯುಗಳೇ ಅಲ್ಲಿಯವರೆಗೆ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ತಟ್ಟನೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತಿ ಬೀಳುತ್ತಾರೆ. ಹತ್ತು ನಿಮಿಷ ಮೆಲ್ಲಗೆ ನಡೆಸಿ.

ಹೊಸಹೆಜ್ಜೆ (ಓಟದ ಮೂರನೇ ದಿನ)

ಮುಗಿಸಿದೆ. 5 ಗಂಟೆ 25 ನಿಮಿಷ. ಗಡುವು 6 ಗಂಟೆ ಇತ್ತು. ಈಗಲೂ ಮೆಟ್ಟಿಲು ಇಳಿಯುವುದು ಹಿಮ್ಮುಖವಾಗಿ. ನಡೆದದ್ದನ್ನು ಇದ್ದ ಹಾಗೇ ಹೇಳುತ್ತೇನೆ.

ಕಾಗದದ ಮೇಲೆ ಬರೆದುಕೊಟ್ಟಿದ್ದೆ. ಸೈಕಲ್ ಗೆಳತಿ 24ರಲ್ಲಿ, ಆಮೇಲೆ ಒಳದಾರಿಯಲ್ಲಿ ಹೋಗಿ 34ರಲ್ಲಿ. ಆಫೀಸಿನ ಗೆಳೆಯ 30ರಲ್ಲಿ. ಓಟದ ಗೆಳತಿ 39ರಲ್ಲಿ. ಎಲ್ಲರೂ ಎಡಬದಿ.

ಮೊದಲರ್ಧ 2 ಗಂಟೆ 34 ನಿಮಿಷ. ಅಂದುಕೊಂಡಿದ್ದಕ್ಕಿಂತ ಮೂರು ನಿಮಿಷ ಬೇಗ. ಪೇಸರ್ ಬಾವುಟ ನನ್ನ ಹಿಂದೆ ಇತ್ತು. ಗಡಿಯಾರ ಅವರ ಮಾತು ನೆನಪಿತ್ತು, ಆದರೂ ಕಾಲು ಹಗುರ ಇದ್ದುದರಿಂದ ಕೇಳಲಿಲ್ಲ. 24ರಲ್ಲಿ ಸೈಕಲ್ ಗೆಳತಿ ಕೈ ಕೆಳಗೆ ಮಾಡಿ ತೋರಿಸಿದಳು, ನಿಧಾನ ಅಂತ. ಅಷ್ಟು ಹೊತ್ತಿಗೆ ತಡವಾಗಿತ್ತು.

30ರ ಬೋರ್ಡ್ ಬಂತು. ಎಡಬದಿಯಲ್ಲಿ ಒಂದೊಂದು ಮುಖವನ್ನೂ ನೋಡಿದೆ. ಅವನಿಲ್ಲ. ಮುಂದೆ ಇರಬಹುದು ಅಂತ 31ರವರೆಗೂ ಹುಡುಕುತ್ತಲೇ ಓಡಿದೆ. ಹುಡುಕುವುದರಲ್ಲಿ ನೀರಿನ ಮೇಜು ದಾಟಿಹೋಯಿತು, ಗೊತ್ತಾಗಲಿಲ್ಲ. ಜೆಲ್ ತಿನ್ನುವ ಹೊತ್ತೂ ಮೀರಿತು. ಆಮೇಲೆ ಅಳು ಬಂತು. ಅವನ ಮೇಲೆ ಕೋಪ ಇರಲಿಲ್ಲ. ಏನಾಯಿತೋ ಅನ್ನೋ ಯೋಚನೆ.

32ರಿಂದ ಕಾಲು ನನ್ನದಾಗಿರಲಿಲ್ಲ. ಒಂದು ದೀಪದ ಕಂಬದವರೆಗೆ ಓಡುವುದು, ಮುಂದಿನ ಕಂಬದವರೆಗೆ ನಡೆಯುವುದು. 34ರ ಬೋರ್ಡ್ ಕಂಡಾಗ 42ರಲ್ಲಿ 34 ಹೋದರೆ ಎಷ್ಟು ಅಂತ ಲೆಕ್ಕ ಮಾಡಲು ನೋಡಿದೆ. ನಿಜವಾಗಿ ಬರಲಿಲ್ಲ. ಮೂರು ಸಲ ಪ್ರಯತ್ನಿಸಿದೆ. ಅಷ್ಟರಲ್ಲಿ ಅವಳ ಹಳದಿ ಹೆಲ್ಮೆಟ್ ಕಂಡಿತು. ಬ್ಯಾರಿಕೇಡ್ ಆಚೆ, ಹೇಳಿದ ಜಾಗದಲ್ಲೇ ನಿಂತಿದ್ದಳು.

ನನ್ನ ಬೆರಳುಗಳು ಊದಿಕೊಂಡಿದ್ದವು. ಕೈಯಲ್ಲಿದ್ದ ಜೆಲ್ ಪೊಟ್ಟಣ ಹರಿಯಲು ಆಗದೆ ಹಾಗೇ ಹಿಡಿದುಕೊಂಡು ಓಡಿದ್ದೆ. ಅವಳ ಕೈಯಲ್ಲಿದ್ದ ಪೊಟ್ಟಣದ ಬಾಯಿ ಮೊದಲೇ ಹರಿದಿತ್ತು. ಚೆಲ್ಲದ ಹಾಗೆ ಮೇಲ್ತುದಿ ಮಡಚಿ ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದಳು. ಎಷ್ಟು ಹೊತ್ತು ಹಾಗೆ ಹಿಡಿದಿದ್ದಳೋ, ಹೆಬ್ಬೆರಳ ತುದಿ ಬೆಳ್ಳಗಾಗಿತ್ತು. "ಹೇಗಿದೆ" ಅನ್ನಲಿಲ್ಲ. ಅವಳು ಫುಟ್‌ಪಾತ್ ಮೇಲೆ, ನಾನು ರಸ್ತೆಯ ಮೇಲೆ, ಹತ್ತು ಹೆಜ್ಜೆ ಜೊತೆಗೆ ನಡೆದೆವು. "ಎಂಟು ಇದೆ. ನಮ್ಮ ಗುರುವಾರದ ಓಟ" ಅಂದಳು.

ಗುರುವಾರದ ಓಟ ನನಗೆ ಗೊತ್ತಿತ್ತು. ಎಷ್ಟೋ ಗುರುವಾರ ಆಫೀಸು ಮುಗಿಸಿ ಸುಸ್ತಾಗಿ ಬಂದು ಓಡಿದ ಅದೇ ಎಂಟು ಕಿಲೋಮೀಟರ್. ಅಲ್ಲಿಂದ ಮುಂದೆ ನಾನು 42ನ್ನು ಓಡಲಿಲ್ಲ, ಗುರುವಾರದ ದಾರಿ ಓಡಿದೆ. ಇಲ್ಲಿ ಗೇಟು, ಇಲ್ಲಿ ಬೇವಿನ ಮರ, ಇಲ್ಲಿ ಕೆರೆಯ ಏರಿ ಅಂತ ಮನಸ್ಸಿನಲ್ಲೇ ಹೇಳಿಕೊಂಡು.

39ರಲ್ಲಿ ಇಬ್ಬರು ನಿಂತಿದ್ದರು, ಓಟದ ಗೆಳತಿ ಮತ್ತು ಅವನು. ಅವನ ಶರ್ಟು ನನ್ನದಕ್ಕಿಂತ ಒದ್ದೆಯಾಗಿತ್ತು. ಅವಳು ನನ್ನ ಹೆಸರನ್ನು ಒಂದೇ ಸಲ ಕೂಗಿದಳು. ಅವನು ಬಾಯಿ ತೆರೆದ, ಮಾತು ಬರಲಿಲ್ಲ. ಆಗಿದ್ದನ್ನು ಅವನೇ ಹೇಳುತ್ತಾನೆ, ಇಲ್ಲಿ ಖಾತೆ ಮಾಡಿಸಿದ್ದೇನೆ.

ಫಿನಿಶ್‌ನಲ್ಲಿ ನನ್ನ ವಾಚ್ 42.8 ತೋರಿಸಿತು. ಎಲ್ಲಾ ತಿರುವಿನಲ್ಲೂ ಹೊರಗಿನಿಂದ ಬಳಸಿಕೊಂಡು ಓಡಿದ್ದಕ್ಕೋ ಏನೋ.

ಗಡಿಯಾರ

ಅಭಿನಂದನೆಗಳು! ಹೌದು, ಮಾರ್ಗ ಅಳೆಯುವುದು ತಿರುವುಗಳಲ್ಲಿ ಅತಿ ಹತ್ತಿರದ ದಾರಿಯಲ್ಲಿ, ಅಂಚಿನಿಂದ 30 ಸೆಂ.ಮೀ. ಬಿಟ್ಟು. ನಾವು ಯಾರೂ ಆ ಗೆರೆಯ ಮೇಲೆ ಓಡುವುದಿಲ್ಲ. ವಾಚಿನ ಜಿಪಿಎಸ್ ಕೂಡ ಸ್ವಲ್ಪ ತಪ್ಪುತ್ತದೆ.

ಗುರುವಾರದ ಓಟದ ಆ ಮಾತನ್ನು ನಮ್ಮ ಪೇಸರ್ ಗುಂಪಿಗೆ ಹೇಳುತ್ತೇನೆ. ನಾವು ಇಷ್ಟು ವರ್ಷ "ಇನ್ನು ಎಂಟೇ" ಅಂತ ಮಾತ್ರ ಕೂಗುತ್ತಿದ್ದೆವು.

ಎಡಬದಿ

ನಮಸ್ಕಾರ. 30ರಲ್ಲಿ ಇರಬೇಕಾದವನು ನಾನು. ನಾನು ಇದ್ದೆ. ಎರಡು ಗಂಟೆ ಮೊದಲೇ ಹೋಗಿ ನಿಂತಿದ್ದೆ. ಓಟಗಾರರು ಬರುವ ಕಡೆ ಮುಖ ಮಾಡಿ ನನ್ನ ಎಡಕ್ಕೆ ನಿಂತಿದ್ದೆ. ಅದು ಅವಳ ಬಲ. ಕಾಗದದಲ್ಲಿ ಎಡಬದಿ ಅಂತ ಇತ್ತು, ಯಾರ ಎಡ ಅಂತ ಇಬ್ಬರಿಗೂ ಹೊಳೆದಿರಲಿಲ್ಲ. ಅವಳು ಆಚೆ ಬದಿಯಲ್ಲಿ ನನ್ನನ್ನು ಹುಡುಕಿಕೊಂಡು ಹೋಗುವುದು ನನಗೆ ಕಾಣುತ್ತಿತ್ತು. ಕೂಗಿದೆ. ಅಲ್ಲಿ ಎಲ್ಲರೂ ಕೂಗುತ್ತಿದ್ದರು. ರಸ್ತೆ ದಾಟಲು ಬಿಡಲಿಲ್ಲ, ಬಿಡಬಾರದು ಕೂಡ. ಅವಳ ಬೆನ್ನು ಕಾಣುವವರೆಗೂ ನೋಡಿದೆ. ನನ್ನ ಜೀವನದಲ್ಲಿ ಅಷ್ಟು ಕೆಟ್ಟದು ಅನಿಸಿದ ದಿನಗಳು ಕಡಿಮೆ.

ಆಮೇಲೆ ಹಿಂದಿನ ಬೀದಿಯಿಂದ 39ರ ಕಡೆಗೆ ಹೊರಟೆ. ನಡೆದರೆ ತಲುಪುವುದಿಲ್ಲ ಅನಿಸಿತು, ಓಡಿದೆ. ಕಾಲೇಜು ಬಿಟ್ಟ ಮೇಲೆ ಓಡಿದ್ದು ಅದೇ ಮೊದಲು. ಮೂರು ಕಿಲೋಮೀಟರ್ ಇತ್ತಂತೆ. ಆಫೀಸಿನ ಶೂ ಹಾಕಿದ್ದೆ.

ಮೈಲಿಗಲ್ಲು

ತಮ್ಮಾ, ಆ ತಪ್ಪು ನನ್ನದೂ ಹೌದು. "ಯಾವ ಬದಿ" ಅಂತ ಬರೆಯಿರಿ ಅಂದಾಗ ಓಡುವವರ ಎಡ ಅಂತ ನಾವ್ಯಾರೂ ಬಿಡಿಸಿ ಹೇಳಲಿಲ್ಲ. ಇನ್ನು ಮುಂದೆ ಹೇಳುತ್ತೇನೆ. ಬದಿಯ ಜೊತೆಗೆ ಒಂದು ಗುರುತನ್ನೂ ಬರೆದರೆ ಇನ್ನೂ ಒಳ್ಳೆಯದು: ಇಂಥ ಮರ, ಇಂಥ ಬಸ್ ನಿಲ್ದಾಣ. ಹಿಂದಿನ ದಿನ ಅಲ್ಲಿ ಹೋಗಿ ಒಂದು ಫೋಟೋ ತೆಗೆದು ಕಳಿಸಿದರೆ ಅನುಮಾನವೇ ಇರುವುದಿಲ್ಲ.

ಎಡಬದಿ

ಧನ್ಯವಾದ ಸರ್. ಇನ್ನೊಂದು ವಿಷಯ ಇತ್ತು. 10 ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದೇನೆ. ಹನ್ನೊಂದು ವಾರ ಇದೆ. ಅವಳಿಗೆ ಇನ್ನೂ ಹೇಳಿಲ್ಲ, ಇಲ್ಲೇ ಓದುತ್ತಾಳೆ.

ಹೊಸಹೆಜ್ಜೆ

ಓದಿದೆ. ಭಾನುವಾರ ಐದೂವರೆಗೆ ಗೇಟಿನ ಹತ್ತಿರ ಬಾ. ಅದಕ್ಕೂ ಮೊದಲು ಓಡುವ ಶೂ ತಗೋ, ಅರ್ಧ ಸೈಜ್ ದೊಡ್ಡದು. ಈ ಸಲ ನೀರು ನಾನು ಹಿಡಿಯುತ್ತೇನೆ. ಸೈಕಲ್ ಕೊಡ್ತೀನಿ ಅಂದಿದ್ದಾಳೆ.